ಕಣ್ಣಿನೊಳಗಣ ನೀರಿನ ಲೆಕ್ಕ

ತಮ್ಮ ಮನೆಯಲ್ಲಿ ಅರವತ್ತು ದಾಟಿದ ಹಿರಿಯರು ಯಾರಾದರೂ ಇದ್ದರೆ ಅವರಿಗೆ ಕಣ್ಣಿನ ಪೊರೆಯ ಶಸ್ತ್ರಚಿಕಿತ್ಸೆ ಆಗಿರಬಹುದು, ಇಲ್ಲವೆ ಮುಂದೆ ಆಗಬೇಕಾಗಿರಬಹುದು. ನನ್ನ ತಾಯಿಯವರಿಗೆ ಆದಾಗ, ಹೊರಗೆ ಬಂದ ಮೇಲೆ ಅವರು ಆಡಿದ ಮೊದಲ ಮಾತು ದೃಷ್ಟಿಯನ್ನು ಕುರಿತದ್ದಲ್ಲ. "ಕಿವಿಯ ಪಕ್ಕದಲ್ಲಿ ನೀರು ಹರಿಯುತ್ತಲೇ ಇತ್ತಪ್ಪ. ಕಣ್ಣೇ ಒಡೆದು ಸೋರಿಹೋಯಿತೆಂದು ತಿಳಿದೆ. ಎದ್ದು ಕೂತುಬಿಡೋಣವೆನ್ನಿಸಿತು" ಎಂದರು. ಎದ್ದು ಕುಳಿತಿದ್ದರೆ ಏನಾಗುತ್ತಿತ್ತೆಂಬುದು ನನಗೆ ಆಗ ತಿಳಿಯದು. ಆ ನೀರು ಎಲ್ಲಿಯದು, ಅದನ್ನು ಏಕೆ ಹರಿಯಿಸುತ್ತಾರೆ ಎಂದು ಅವರಿಗೆ ಯಾರೂ ಮುಂಚಿತವಾಗಿ ಹೇಳಿರಲಿಲ್ಲ. ಮಗನಾದ ನಾನೂ ಕೇಳಿರಲಿಲ್ಲ. ಆ ಬಳಿಕ ಓದಿ ಕೇಳಿ ತಿಳಿದುಕೊಂಡದ್ದನ್ನು ಇಲ್ಲಿ ಅರಿಕೆ ಮಾಡಿಕೊಳ್ಳುತ್ತೇನೆ.

ಮೊದಲು ಮಾತಿನ ತೊಡಕೊಂದನ್ನು ಬಿಡಿಸಬೇಕು. 'ಪೊರೆ' ಎಂದೊಡನೆ ಹಾವಿನ ಪೊರೆಯಂತೆ ಕಣ್ಣಿನ ಮೇಲೇನೋ ಬೆಳೆದಿದೆ, ಅದನ್ನು ಸುಲಿದುಹಾಕುತ್ತಾರೆ ಎಂದು ಭಾವಿಸುವವರುಂಟು. ಹಾಗಲ್ಲ. ಕಣ್ಣಿನ ಪಾಪೆಯ ಹಿಂದೆ ಸ್ವಚ್ಛವಾದ ಮಸೂರವೊಂದಿದೆ. ಅದೇ ವಯಸ್ಸು ಕಳೆದಂತೆ ಮಬ್ಬಾಗುತ್ತದೆ. ಸುಶ್ರುತಸಂಹಿತೆ ಇದನ್ನು ಲಿಂಗನಾಶವೆಂದು ಕರೆಯಿತು. ಇಂಗ್ಲಿಷಿನ 'ಕ್ಯಾಟರ‍್ಯಾಕ್ಟ್' ಎಂಬ ಶಬ್ದಕ್ಕೆ ಜಲಪಾತವೆಂದೂ ಅರ್ಥವುಂಟು. ಮೇಲಿನಿಂದ ಕೆಟ್ಟ ದ್ರವ ಇಳಿದು ಕಣ್ಣಿನಲ್ಲಿ ನಿಲ್ಲುತ್ತದೆಂದು ಹಿಂದಿನವರು ನಂಬಿದ್ದರ ಕುರುಹು ಅದು. ನಂಬಿಕೆಯೇನೋ ಸುಳ್ಳಾಯಿತು, ಆದರೆ ಇಂದಿನ ಚಿಕಿತ್ಸೆ ಮೇಲಿನಿಂದ ಇಳಿಯುವ ನೀರನ್ನೇ ನೆಚ್ಚಿಕೊಂಡಿದೆ.

ಕಣ್ಣು ಗಟ್ಟಿಯಾದ ಗೋಲಿಯಲ್ಲ. ಗಾಳಿ ತುಂಬಿದ ಚೆಂಡಿನಂತೆ ಒಳಗಿನ ದ್ರವದ ಒತ್ತಡದಿಂದ ಆಕಾರ ತಳೆದು ನಿಂತದ್ದು. ಆರೋಗ್ಯವಂತರಲ್ಲಿ ಈ ಒತ್ತಡ ಸಾಮಾನ್ಯವಾಗಿ ಪಾದರಸದ ೧೦ ರಿಂದ ೨೧ ಮಿಲಿಮೀಟರು. ನೀರಿನ ಕಂಬವಾಗಿ ಅಳೆದರೆ ೧೪ ರಿಂದ ೨೯ ಸೆಂಟಿಮೀಟರು, ಹೆಚ್ಚುಕಡಿಮೆ ಒಂದು ಗೇಣು. ಕಣ್ಣಿನ ಮುಂಭಾಗದ ಪುಟ್ಟ ಕೋಣೆಯ ಆಳ ಸುಮಾರು ೩ ಮಿಲಿಮೀಟರು. ಅದು ಹಿಡಿಯುವ ದ್ರವ ಕಾಲು ಮಿಲಿಲೀಟರು, ಎಂದರೆ ಐದು ಹನಿ. ಈ ಕೋಣೆಯ ಮಾಡಿನಂತಿರುವ ಪಾರದರ್ಶಕ ಪಟಲದ ಒಳಮೈಗೆ ಒಂದು ಸಾಲು ಜೀವಕೋಶಗಳಿವೆ. ಸತ್ತರೆ ಅವು ಮತ್ತೆ ಹುಟ್ಟುವುದಿಲ್ಲ. ಇತ್ತ ಮಸೂರವನ್ನು ಹೊದ್ದಿರುವ ಚೀಲದ ಹಿಂಗೋಡೆಯಂತೂ ಒಂದು ಮಿಲಿಮೀಟರನ್ನು ೨೫೦ ಪಾಲು ಮಾಡಿದರೆ ಅದರಲ್ಲಿ ಒಂದು ಪಾಲಿನಷ್ಟು ತೆಳು. ಹೊಸ ಮಸೂರ ಕೂರಬೇಕಾದದ್ದು ಈ ಚೀಲದಲ್ಲಿಯೇ. ಅದು ಹರಿದರೆ ಹಿಂದಿನ ಲೋಳೆ ಮುಂದಕ್ಕೆ ನುಗ್ಗಿ ಬರುತ್ತದೆ.

ಹಿಂದೆ ಕಣ್ಣಿನ ಅಂಚನ್ನು ಅಗಲವಾಗಿ ಕೊಯ್ದು ಮಸೂರವನ್ನು ಇಡಿಯಾಗಿ ತೆಗೆಯುತ್ತಿದ್ದರು. ಕೊಯ್ದ ಕ್ಷಣವೇ ಕಣ್ಣಿನ ಒತ್ತಡ ಇಳಿದುಹೋಗುತ್ತಿತ್ತು. ಅಪರೂಪಕ್ಕೆ ಹಿಂಭಾಗದ ರಕ್ತನಾಳ ಒಡೆದು ಕಣ್ಣೇ ಹೋಗುವುದೂ ಉಂಟಾಗಿತ್ತು. ನಮ್ಮ ನಾಡಿನಲ್ಲಿ ಡಾ. ಎಂ. ಸಿ. ಮೋದಿಯವರ ನೇತ್ರಶಿಬಿರಗಳನ್ನು ಕಂಡ ಹಿರಿಯರಿಗೆ ಕಣ್ಣಿಗೆ ಪಟ್ಟಿ ಕಟ್ಟಿಕೊಂಡು ಸಾಲಾಗಿ ಮಲಗಿದ್ದವರ ನೆನಪಿರಬಹುದು. ಆ ಕಾಲದಲ್ಲಿ ಗಾಯ ದೊಡ್ಡದು, ಕೆಮ್ಮಿದರೂ ಭಯ.

೧೯೬೭ರಲ್ಲಿ ನ್ಯೂಯಾರ್ಕಿನ ಚಾರ್ಲ್ಸ್ ಕೆಲ್ಮನ್ ಎಂಬ ನೇತ್ರವೈದ್ಯರು ಬೇರೊಂದು ದಾರಿ ಹಿಡಿದರು. ದಂತವೈದ್ಯರು ಹಲ್ಲಿನ ಕಿಟ್ಟವನ್ನು ಕಿವಿಗೆ ಕೇಳದ ಕಂಪನದಿಂದ ಕೀಳುವುದನ್ನು ಕಂಡು ಅವರಿಗೆ ಇದು ಹೊಳೆಯಿತು. ಮೂರು ಮಿಲಿಮೀಟರಿನ ಆಸುಪಾಸಿನ ರಂಧ್ರದಲ್ಲಿ ಟೊಳ್ಳು ಸೂಜಿಯನ್ನು ತೂರಿಸಿ, ಸೆಕೆಂಡಿಗೆ ಸಾವಿರಾರು ಸಲ ಕಂಪಿಸುವ ಅದರ ತುದಿಯಿಂದ ಮಸೂರವನ್ನು ಪುಡಿಮಾಡಿ ಅದೇ ಸೂಜಿಯಿಂದ ಹೀರಿಬಿಡುವುದು. ನೀರಿನ ಲೆಕ್ಕ ಪ್ರಾರಂಭವಾಗುವುದು ಇಲ್ಲಿಂದ.

ಯಂತ್ರ ನಿಮಿಷಕ್ಕೆ ೩೦ ಮಿಲಿಲೀಟರಿನಂತೆ ಹೀರುತ್ತಿದೆಯೆಂದು ಇಟ್ಟುಕೊಳ್ಳಿ. ಎಂದರೆ ಸೆಕೆಂಡಿಗೆ ಅರ್ಧ ಮಿಲಿಲೀಟರು. ಕೋಣೆಯಲ್ಲಿರುವುದು ಕಾಲು ಮಿಲಿಲೀಟರು ಮಾತ್ರ! ಒಳಗೆ ಬರುವ ನೀರು ನಿಂತರೆ ಅರ್ಧ ಸೆಕೆಂಡಿನಲ್ಲಿ ಕೋಣೆ ಬರಿದು. ಮಾಡು ಕುಸಿಯುತ್ತದೆ, ತೆಳುಗೋಡೆ ಸೂಜಿಯ ಬಾಯಿಗೆ ಬರುತ್ತದೆ. ಆದುದರಿಂದ ಹೋದಷ್ಟು ನೀರು ಅದೇ ಕ್ಷಣದಲ್ಲಿ ಬರುತ್ತಲೇ ಇರಬೇಕು. ಬರಿಯ ನೀರಾದರೆ ಜೀವಕೋಶಗಳು ಊದಿಕೊಳ್ಳುವುದರಿಂದ, ಕಣ್ಣಿನ ಸಹಜ ದ್ರವಕ್ಕೆ ಸಮನಾಗಿ ಲವಣಗಳನ್ನು ಕೂಡಿಸಿದ ನೀರನ್ನು ಎತ್ತರದ ಕಂಬಕ್ಕೆ ತೂಗುಹಾಕಿದ ಸೀಸೆಯಿಂದ ಇಳಿಬಿಡುತ್ತಾರೆ.

ಈ ಸೀಸೆ ನಮ್ಮ ಮಾಳಿಗೆಯ ತೊಟ್ಟಿಯಂತೆಯೇ. ಹತ್ತು ಸೆಂಟಿಮೀಟರು ಏರಿಸಿದರೆ ಪಾದರಸದ ಏಳು ಮಿಲಿಮೀಟರಿನಷ್ಟು ಒತ್ತಡ ಹೆಚ್ಚುತ್ತದೆ. ಕಣ್ಣಿಗಿಂತ ೭೫ ಸೆಂಟಿಮೀಟರು ಮೇಲಿದ್ದರೆ ೫೫ ಮಿಲಿಮೀಟರು. ಬಚ್ಚಲಿನ ನಲ್ಲಿ ಬಿಟ್ಟಾಗ ಅಡಿಗೆಮನೆಯ ನಲ್ಲಿ ಸಣ್ಣದಾಗುವುದನ್ನು ತಾವು ಕಂಡಿದ್ದೀರಿ. ಹಾಗೆಯೇ ನೀರು ಹರಿಯುತ್ತಿರುವಾಗ ಕಣ್ಣಿನೊಳಗಿನ ಒತ್ತಡ ಇದಕ್ಕಿಂತ ಕಡಿಮೆ. ಹಾಗಾದರೆ ಸೀಸೆಯನ್ನು ಇನ್ನೂ ಮೇಲಕ್ಕೇರಿಸಿದರಾಯಿತಲ್ಲ ಎನ್ನುವಿರೋ? ಒತ್ತಡ ಮಿತಿಮೀರಿದರೆ ದೃಷ್ಟಿಯ ನರಕ್ಕೆ ಹೋಗುವ ರಕ್ತ ಕುಗ್ಗುತ್ತದೆ.

ಎಲ್ಲಕ್ಕಿಂತ ಅಪಾಯದ ಗಳಿಗೆ ಯಾವುದೆಂದು ಹೇಳುತ್ತೇನೆ. ಎಳನೀರು ಕುಡಿಯುವಾಗ ಕೊಳವೆಯ ಬಾಯಿಗೆ ಗಂಜಿಯ ಚೂರು ಸಿಕ್ಕಿಕೊಳ್ಳುತ್ತದೆ. ನಾವು ಕೆನ್ನೆ ಗುಳಿಬೀಳುವಂತೆ ಜಗ್ಗುತ್ತೇವೆ. ಚೂರು ತಟ್ಟನೆ ಒಳಬಂದಾಗ ಹಿಂದೆಯೇ ನೀರು ನುಗ್ಗಿ ನೆತ್ತಿಗೇರುತ್ತದೆ. ಕಣ್ಣಿನಲ್ಲಿಯೂ ಹೀಗೆಯೇ. ಮಸೂರದ ತುಂಡು ಸೂಜಿಗೆ ಅಡ್ಡ ನಿಂತಾಗ ಹೀರುವ ಬಲ ನಳಿಕೆಯಲ್ಲಿ ಕೂಡಿಕೊಳ್ಳುತ್ತ, ನಳಿಕೆಯೂ ಸ್ವಲ್ಪ ಅದುಮಿಕೊಳ್ಳುತ್ತದೆ. ತುಂಡು ಒಳಹೋದ ಕ್ಷಣ ನಳಿಕೆ ಮತ್ತೆ ಅರಳಿ, ಕೋಣೆಯ ನೀರನ್ನು ಒಮ್ಮೆಗೇ ಎಳೆದುಕೊಳ್ಳುತ್ತದೆ. ಬರುವ ನೀರು ಹಿಂದೆ ಬೀಳುತ್ತದೆ. ಇದನ್ನು ತಡೆಯುವುದಕ್ಕೆಂದೇ ಅದುಮಿಕೊಳ್ಳದ ಗಟ್ಟಿ ನಳಿಕೆಗಳು ಬಂದವು. ಒತ್ತಡವನ್ನು ಅಳೆಯುತ್ತ, ಸೀಸೆಗೆ ಬದಲು ನೀರಿನ ಚೀಲವನ್ನು ಎರಡು ಫಲಕಗಳ ನಡುವೆ ಒತ್ತಿ ಕೊರತೆ ತುಂಬುವ ಯಂತ್ರಗಳೂ ಬಂದವು. ಹೀರುವ ಬಲ ಏರಿದಂತೆ ಸ್ವರ ಬದಲಿಸುವ ಯಂತ್ರಗಳುಂಟು. ವೈದ್ಯರ ಕಣ್ಣು ಸೂಕ್ಷ್ಮದರ್ಶಕದಲ್ಲಿ, ಕಾಲು ಮೆಟ್ಟುಹಲಗೆಯ ಮೇಲೆ, ಕಿವಿ ಆ ಸ್ವರದ ಮೇಲೆ. ಸಂಗೀತದ ಅಭ್ಯಾಸವಿದ್ದ ವೈದ್ಯರಿಗೆ ಅನುಕೂಲವಿರಬೇಕು!

ನೀರಿನ ಜೊತೆಗೆ ಮಂದವಾದ ಲೋಳೆಯೊಂದನ್ನೂ ಕೋಣೆಗೆ ತುಂಬುವುದುಂಟು. ಅದು ನೀರಿನಂತೆ ಸೋರಿಹೋಗದೆ ಮಾಡನ್ನು ಎತ್ತಿ ಹಿಡಿಯುತ್ತದೆ. ಮೊದಮೊದಲು ಇದನ್ನು ಹುಂಜದ ಜುಟ್ಟಿನಿಂದ ತೆಗೆಯುತ್ತಿದ್ದರೆಂದರೆ ಆಶ್ಚರ್ಯವಾದೀತು. ಕೊನೆಯಲ್ಲಿ ಇದನ್ನು ತೊಳೆದು ತೆಗೆಯಬೇಕು. ಉಳಿದರೆ ಕಣ್ಣಿನ ದ್ರವ ಹೊರಹೋಗುವ ಜಾಲರಿಗೆ ಅಡ್ಡವಾಗಿ ಆ ರಾತ್ರಿಯೇ ಒತ್ತಡ ಏರಬಹುದು. ಮರುದಿನ ಬಂದು ತೋರಿಸಿರೆಂದು ಹೇಳುವುದಕ್ಕೆ ಇದೂ ಒಂದು ಕಾರಣ. ಊರು ದೂರವೆಂದು ತಪ್ಪಿಸತಕ್ಕದ್ದಲ್ಲ.

ಇನ್ನು ಮನೆಯವರಾಗಿ ತಾವು ಮಾಡಬೇಕಾದದ್ದು. ಹನಿ ಹಾಕಿ ಕಣ್ಣನ್ನು ಮರಗಟ್ಟಿಸುವಲ್ಲಿ ರೋಗಿ ಎಚ್ಚರವಾಗಿಯೇ ಇರುತ್ತಾರೆ. ಕೆಮ್ಮಿದರೆ, ಮುಕ್ಕಿರಿದರೆ, ಉಸಿರು ಬಿಗಿಹಿಡಿದರೆ ಹಿಂದಿನಿಂದ ಒತ್ತಡ ಏರಿ ಆ ತೆಳುಗೋಡೆ ಮುಂದಕ್ಕೆ ಉಬ್ಬುತ್ತದೆ. ಕೆಮ್ಮು ಬರುವಂತಿದ್ದರೆ ಬಾಯಿಬಿಟ್ಟು ಹೇಳಲಿ. ವೈದ್ಯರು ಕೈ ತಡೆದು ನಿಲ್ಲುತ್ತಾರೆ. ಮೂತ್ರದ ತೊಂದರೆಗಾಗಿ ಮಾತ್ರೆ ತೆಗೆದುಕೊಳ್ಳುತ್ತಿರುವ, ಅಥವಾ ಹಿಂದೆಂದೋ ತೆಗೆದುಕೊಂಡಿದ್ದ ಗಂಡಸರು ಅದನ್ನು ಮುಂಚಿತವಾಗಿ ತಿಳಿಸಲೇಬೇಕು. ಅಂಥ ಕೆಲವು ಮಾತ್ರೆಗಳಿಂದ ಪಾಪೆಯ ಸುತ್ತಣ ಪರದೆ ಸಡಿಲಗೊಂಡು, ಹೊಳೆಯಲ್ಲಿ ಜಾಲಿಸಿದ ಬಟ್ಟೆಯಂತೆ ಈ ನೀರಿನ ಸೆಳವಿನಲ್ಲಿ ಅಲೆದಾಡುತ್ತದೆ. ಮೊದಲೇ ತಿಳಿದಿದ್ದರೆ ವೈದ್ಯರು ನೀರಿನ ವೇಗವನ್ನು ತಗ್ಗಿಸಿಕೊಂಡು ಸಿದ್ಧರಾಗಿರುತ್ತಾರೆ.

ತಾಯಿಯವರ ಎರಡನೆಯ ಕಣ್ಣಿನ ಸರದಿ ಬಂದಾಗ ಹಿಂದಿನ ರಾತ್ರಿ ಅವರಿಗೆ ಸೀಸೆಯ ವಿಚಾರವನ್ನೆಲ್ಲ ಹೇಳಿದೆ. ಕಿವಿಯ ಪಕ್ಕದಲ್ಲಿ ಹರಿಯುವುದು ಸೀಸೆಯ ನೀರು, ತಮ್ಮ ಕಣ್ಣಿನದಲ್ಲ ಎಂದೆ. ಈ ಸಲ ಹೊರಗೆ ಬಂದವರು, "ಸೀಸೆ ದೊಡ್ಡದೇ ಇರಬೇಕು, ಕುತ್ತಿಗೆಯವರೆಗೂ ಒದ್ದೆಯಾಯಿತು" ಎಂದು ಸೆರಗಿನಿಂದ ಒರೆಸಿಕೊಂಡರು.