ಉತಾರ ಕಂಪ್ಯೂಟರಿಗೆ ಬಂದ ದಾರಿ

ಬೆಳೆಸಾಲ ಇರಲಿ, ಅಣ್ಣತಮ್ಮಂದಿರ ವಾಟ್ನಿ (ಪಾಲು) ಇರಲಿ, ರಾಮದುರ್ಗದ ರೈತ ಮೊದಲು ತೆಗೆಸುವುದು ಹೊಲದ ಉತಾರ, ಅಂದರೆ ಪಹಣಿ. ಈಗ ಅದು ಕಟಕೋಳ, ಮುದಕವಿಯಂಥ ಊರುಗಳಲ್ಲೇ ಕಂಪ್ಯೂಟರಿನಿಂದ ಹೊರಬೀಳುತ್ತದೆ. ಮೊದಲು ಅದಿದ್ದದ್ದು ಊರಿನ ಲೆಕ್ಕಿಗ ತಲಾಟಿಯ ದಫ್ತರದಲ್ಲಿ. ತಲಾಟಿ ಸಿಕ್ಕರೆ ಉತಾರ ಸಿಕ್ಕಿತು.

ಕರ್ನಾಟಕದ ಪಹಣಿಗಳನ್ನು ಕಂಪ್ಯೂಟರಿಗೆ ಏರಿಸುವ ಮೊದಲ ಪ್ರಯೋಗ ನಡೆದದ್ದು 1991ರಲ್ಲಿ, ಗುಲ್ಬರ್ಗಾ ಜಿಲ್ಲೆಯಲ್ಲಿ. 1996ರ ಹೊತ್ತಿಗೆ ಎಲ್ಲ ಜಿಲ್ಲೆಗಳಿಗೂ ಯೋಜನೆ ಮಂಜೂರಾಯಿತು, ಫಲ ಮಾತ್ರ ಕೈಗೆ ಹತ್ತಲಿಲ್ಲ. ದಾಖಲೆ ತಿದ್ದುವುದು ತಾಲ್ಲೂಕಿನಲ್ಲಿ. ಆದರೆ ಕಂಪ್ಯೂಟರ್ ಇಡಲು ಅಲ್ಲೇ ಅವಕಾಶ ಕೊಟ್ಟಿರಲಿಲ್ಲ. ಅಪ್ಪ ತೀರಿಕೊಂಡು ಹೊಲ ಮಕ್ಕಳ ಹೆಸರಿಗಾದರೆ ಜಿಲ್ಲೆಯ ಯಂತ್ರಕ್ಕೆ ಹೇಳುವವರು ಯಾರು?

ಈ ತಪ್ಪನ್ನು ಸರಿಪಡಿಸಿದ್ದು ‘ಭೂಮಿ’. ಐಎಎಸ್ ಅಧಿಕಾರಿ ರಾಜೀವ್ ಚಾವ್ಲಾ ಮುಂದೆ ನಿಂತು ನಡೆಸಿದ ಯೋಜನೆ. ಎನ್‌ಐಸಿ ಬರೆದ ಒಂದೇ ತಂತ್ರಾಂಶ 177 ತಾಲ್ಲೂಕುಗಳಿಗೂ ಹೋಯಿತು. ಸುಮಾರು 67 ಲಕ್ಷ ರೈತರು, 2 ಕೋಟಿ ದಾಖಲೆ. ಆಗ 15 ರೂಪಾಯಿ ಕೊಟ್ಟರೆ ಉತಾರ ಸಿಗುತ್ತಿತ್ತು. ಕೌಂಟರಿನಲ್ಲಿ ಎರಡು ಪರದೆ, ಒಂದು ರೈತನ ಕಡೆಗೆ ಮುಖ ಮಾಡಿದ್ದು. ಸಿಬ್ಬಂದಿ ಬೆರಳ ಗುರುತು ಕೊಟ್ಟೇ ತಂತ್ರಾಂಶದ ಒಳಗೆ ಹೋಗಬೇಕಿತ್ತು.

ತಂತ್ರಾಂಶವೇನೋ ಒಂದೇ. ಆದರೆ 1956ರಲ್ಲಿ ಒಂದಾದ ನಾಡಿನಲ್ಲಿ ಮೈಸೂರು, ಮುಂಬಯಿ, ಹೈದರಾಬಾದ್, ಮದ್ರಾಸ್, ಕೊಡಗು ಎಂದು ಬೇರೆ ಬೇರೆ ಕಂದಾಯದ ರೂಢಿಗಳಿದ್ದವು. ಮಂಗಳೂರಿನ ಕಡೆ ಎಕರೆಯ ಕೆಳಗೆ ಸೆಂಟ್ಸ್, ನಮ್ಮ ಕಡೆ ಗುಂಟೆ, ಆಣೆ. ರಾಮದುರ್ಗವಂತೂ 1948ರವರೆಗೆ ಭಾವೆ ಮನೆತನದ ಸಂಸ್ಥಾನ. ಈ ಸೀಮೆಯ ಹಳೆಯ ಕಾಗದ ತೆರೆದರೆ ಮರಾಠಿಯ ಮೋಡಿ ಲಿಪಿ ಎದುರಾಗುತ್ತದೆ. ಸಿದ್ಧ ತಂತ್ರಾಂಶ ಬಂದಿಳಿದ ಮೇಲೆ ಅದಕ್ಕೆ ಹೋಬಳಿ, ಊರು, ಸರ್ವೆ ನಂಬರ್, ಹಿಸ್ಸಾ, ಖರಾಬು, ಕುಷ್ಕಿಯೋ ಬಾಗಾಯ್ತೋ ಎಲ್ಲವನ್ನೂ ಉಣಿಸಬೇಕಿತ್ತು. ಟೈಪು ಮಾಡಿದ್ದು ಖಾಸಗಿ ಏಜೆನ್ಸಿಗಳು. ಪ್ರಿಂಟನ್ನು ಕೈಬರಹದ ಪಹಣಿಯೊಂದಿಗೆ ಸಾಲುಸಾಲಾಗಿ ತಾಳೆ ನೋಡಬೇಕಾದವರು ತಲಾಟಿಗಳು. ಬೆರಳ ಗುರುತಿನ ಯಂತ್ರಕ್ಕೆ ಬಂದಷ್ಟು ಹೆಸರು ಈ ಕೆಲಸಕ್ಕೆ ಬರಲಿಲ್ಲ. ‘ಭೂಮಿ’ ನಿಂತದ್ದು ಇದರ ಮೇಲೆಯೇ ಎಂದು ನನ್ನ ಎಣಿಕೆ.

ಸಿದ್ಧ ತಂತ್ರಾಂಶವನ್ನು ಒಂದೆಡೆಯಿಂದ ಇನ್ನೊಂದೆಡೆಗೆ ಸಾಗಿಸಿ, ಅಲ್ಲಿನ ವಿವರ ಉಣಿಸುವ ಇಂಥದೇ ತಲೆನೋವು ದೊಡ್ಡ ಕಂಪನಿಗಳಿಗೂ ಇತ್ತು. 2007ರಲ್ಲಿ ಡೆಲ್, ಎಚ್‌ಪಿ, ಐಬಿಎಂ, ಮೈಕ್ರೋಸಾಫ್ಟ್, ವಿಎಂವೇರ್, ಝೆನ್‌ಸೋರ್ಸ್ ಸೇರಿ ಒಂದು ಕರಡು ಮುಂದಿಟ್ಟವು. 2009ರಲ್ಲಿ ಅದು ‘ಓವಿಎಫ್’ ಎಂಬ ಮಾನದಂಡವಾಯಿತು. ಆಪರೇಟಿಂಗ್ ಸಿಸ್ಟಂ ಸಮೇತ ಇಡೀ ವ್ಯವಸ್ಥೆ ಒಂದೇ ಗಂಟಿನಲ್ಲಿ ಬರುತ್ತದೆ. ಕ್ಲೌಡ್ ನಿರ್ವಹಣೆಯ ಪರದೆಗೆ ಅದನ್ನು ಏರಿಸಿದರೆ, ಒಳಗಿನ ವಿವರಪಟ್ಟಿಯಂತೆ ಪ್ರಶ್ನೆಗಳು ಶುರು: ಐಪಿ ವಿಳಾಸ ಯಾವುದು, ಪಾಸ್‌ವರ್ಡ್ ಏನು, ಯಾವ ನೆಟ್‌ವರ್ಕಿಗೆ ಜೋಡಿಸಲಿ? ಕೊನೆಯದಕ್ಕೆ ತಪ್ಪು ಉತ್ತರ ಕೊಟ್ಟರೆ ಯಂತ್ರ ಚಾಲೂ ಆಗುತ್ತದೆ, ಆದರೆ ಯಾರಿಗೂ ಸಿಗುವುದಿಲ್ಲ.

ತಾಲ್ಲೂಕಿಗೊಂದು ಸರ್ವರ್ ಇದ್ದ ಕಾಲ ಹೋಗಿ ‘ಭೂಮಿ’ಯ ದಾಖಲೆಗಳು ಈಗ ರಾಜ್ಯ ದತ್ತಾಂಶ ಕೇಂದ್ರದಲ್ಲಿವೆ. ಕಂದಾಯ ಇಲಾಖೆಯಲ್ಲಿ ‘3 ಮತ್ತು 9ರ ಮಿಸ್‌ಮ್ಯಾಚ್’ ಎಂಬ ಮಾತು ಮಾತ್ರ ಉಳಿದಿದೆ. ಪಹಣಿಯ 3ನೇ ಕಲಂನಲ್ಲಿ ಹೊಲದ ಒಟ್ಟು ವಿಸ್ತೀರ್ಣ, 9ರಲ್ಲಿ ಮಾಲೀಕರ ಹೆಸರು, ಅವರವರ ಪಾಲು. ಎರಡೂ ಕೂಡಿಬರದಿದ್ದರೆ ಕಂಪ್ಯೂಟರು ಹಿಡಿದು ತೋರಿಸುತ್ತದೆ. ಯಾವ ತಮ್ಮನ ಪಾಲಿಗೆ ಎರಡು ಗುಂಟೆ ಹೆಚ್ಚು ಬಿದ್ದಿದೆ ಎಂದು ತಿಳಿಯಲು ಹಕ್ಕು ಬದಲಾವಣೆಯ ಹಳೆಯ ರಜಿಸ್ಟರನ್ನೇ ತೆಗೆಯಬೇಕು. ಅದೂ ಸಾಲದಿದ್ದರೆ ಸರ್ವೆಯವರು ಹೊಲಕ್ಕೆ ಬಂದು ಅಳೆಯಬೇಕು.