ಸಂಜೆ ಏಳರ ದೀಪಕ್ಕೆ ಎಷ್ಟು ನೀರು?

2020ರ ಏಪ್ರಿಲ್ 5, ಭಾನುವಾರ. ಲಾಕ್‌ಡೌನಿನ ಹನ್ನೆರಡನೇ ದಿನ. ರಾತ್ರಿ ಒಂಬತ್ತಕ್ಕೆ ಒಂಬತ್ತು ನಿಮಿಷ ಮನೆಯ ವಿದ್ಯುದ್ದೀಪ ಆರಿಸಿ ಹಣತೆ ಹಚ್ಚಿ ಎಂದು ಪ್ರಧಾನಿ ಕರೆ ಕೊಟ್ಟಿದ್ದರು. ಕರೆಂಟ್ ಉಳಿಸುವುದು ಆ ಕರೆಯ ಉದ್ದೇಶವಾಗಿರಲಿಲ್ಲ. ಆದರೂ ಇಡೀ ದೇಶ ಒಟ್ಟಿಗೆ ಸ್ವಿಚ್ ಒತ್ತಿದರೆ ಏನಾಗುತ್ತದೆ ಎಂಬುದಕ್ಕೆ ಅಷ್ಟು ದೊಡ್ಡ ಪ್ರಯೋಗ ಅದಕ್ಕೆ ಮೊದಲು ನಡೆದಿರಲಿಲ್ಲ, ಆಮೇಲೂ ನಡೆದಿಲ್ಲ.

ಬೇಡಿಕೆ 12ರಿಂದ 14 ಸಾವಿರ ಮೆಗಾವಾಟ್ ಇಳಿದೀತು ಎಂದು ಗ್ರಿಡ್ ನಡೆಸುವವರು ಅಂದಾಜು ಕಟ್ಟಿದ್ದರು. ಇಳಿದದ್ದು 31,089 ಮೆಗಾವಾಟ್. ಎಂಟೂ ಮುಕ್ಕಾಲಕ್ಕೆ ಶುರುವಾದ ಕುಸಿತ ಒಂಬತ್ತೂ ಹತ್ತಕ್ಕೆ ತಳ ಮುಟ್ಟಿತು. ದೀಪ ಮಾತ್ರ ಆರಿಸಿ, ಫ್ಯಾನು ಫ್ರಿಜ್ಜು ಹಾಗೇ ಇರಲಿ ಎಂದು ಸಾರಿ ಸಾರಿ ಹೇಳಿದ್ದರೂ ಬಹಳ ಜನ ಇನ್ನೂ ಏನೇನನ್ನೋ ಆರಿಸಿರಬೇಕು. ಬರೀ ಬಲ್ಬುಗಳಿಂದ ಅಷ್ಟು ದೊಡ್ಡ ಲೆಕ್ಕ ಹುಟ್ಟುವುದು ಕಷ್ಟ.

ಇದರಲ್ಲಿ ಅಪಾಯವೂ ಇತ್ತು. ವಿದ್ಯುತ್ತನ್ನು ತಂತಿಯಲ್ಲಿ ಕೂಡಿಡಲಾಗದು. ಈ ಕ್ಷಣ ಉರಿಯುವಷ್ಟನ್ನು ಈ ಕ್ಷಣವೇ ತಯಾರಿಸಬೇಕು. ದೇಶದ ದೊಡ್ಡ ಜನರೇಟರುಗಳೆಲ್ಲ ತೇರಿನ ಹಗ್ಗ ಹಿಡಿದವರ ಹಾಗೆ ಒಂದೇ ಹೆಜ್ಜೆಯಲ್ಲಿ ಎಳೆಯುತ್ತಿರುತ್ತವೆ. ಆ ಹೆಜ್ಜೆಯ ಲಯ ಸೆಕೆಂಡಿಗೆ ಐವತ್ತು ಆವರ್ತನ, ಅಂದರೆ 50 ಹರ್ಟ್ಸ್. ತೇರಿನ ಭಾರ ಏಕಾಏಕಿ ತಗ್ಗಿದರೆ ಎಳೆಯುವವರೆಲ್ಲ ಮುಂದಕ್ಕೆ ಓಡುತ್ತಾರೆ, ಅಂದರೆ ಆವರ್ತನ ಏರುತ್ತದೆ. ಹದ್ದು ಮೀರಿದರೆ ಯಂತ್ರಗಳು ತಮ್ಮನ್ನು ಕಾಪಾಡಿಕೊಳ್ಳಲು ತಾವೇ ಸಂಪರ್ಕ ಕಡಿದುಕೊಳ್ಳುತ್ತವೆ. ಆ ರಾತ್ರಿ ಆವರ್ತನ 49.70 ಮತ್ತು 50.26ರ ನಡುವೆಯೇ ನಿಂತಿತು. ನಿಲ್ಲಿಸಿದ್ದು ಬಹುಮಟ್ಟಿಗೆ ನೀರು. ದೇಶದ ಜಲವಿದ್ಯುತ್ ಕೇಂದ್ರಗಳು ಎಂಟೂ ಮುಕ್ಕಾಲಕ್ಕೆ 25,559 ಮೆಗಾವಾಟ್ ಕೊಡುತ್ತಿದ್ದವು. ಇಪ್ಪತ್ತೈದು ನಿಮಿಷದಲ್ಲಿ ಅದನ್ನು 8,016ಕ್ಕೆ ಇಳಿಸಿದವು. ಕಲ್ಲಿದ್ದಲ ಬಾಯ್ಲರು ಇಷ್ಟು ಬೇಗ ತಣಿಯುವುದಿಲ್ಲ, ಅಣುಸ್ಥಾವರಕ್ಕೂ ಈ ಆಟ ಒಗ್ಗುವುದಿಲ್ಲ. ನೀರಿನ ಧಾರೆಯನ್ನಾದರೆ ಕೆಲವೇ ಸೆಕೆಂಡುಗಳಲ್ಲಿ ತಿರುಗಿಸಬಹುದು.

ದಕ್ಷಿಣದ ಗ್ರಿಡ್ಡು ಉತ್ತರದ ಜೊತೆ ಹೀಗೆ ಹೆಜ್ಜೆ ಹಾಕತೊಡಗಿ ಬಹಳ ವರ್ಷವೇನೂ ಆಗಿಲ್ಲ. 2012ರ ಜುಲೈ ಕೊನೆಯಲ್ಲಿ ಉತ್ತರ, ಪೂರ್ವ ಭಾರತ ಎರಡು ದಿನ ಕತ್ತಲಲ್ಲಿ ಮುಳುಗಿದಾಗ ನಮ್ಮ ಉತ್ತರ ಕನ್ನಡದ ಕರಾವಳಿಗೆ ಬಿಸಿ ತಟ್ಟಲಿಲ್ಲ. 2013ರ ಡಿಸೆಂಬರ್ 31ರಂದು ರಾಯಚೂರು–ಸೊಲ್ಲಾಪುರ ಮಾರ್ಗ ಬೆಸೆದ ಮೇಲೆ ಕುಮಟಾದ ಫ್ಯಾನಿಗೂ ಕಾಶ್ಮೀರದ ಫ್ಯಾನಿಗೂ ಒಂದೇ ತಾಳ.

ದೀಪ ಆರಿಸಿ ಕರೆಂಟ್ ಉಳಿಸಿ ಎಂಬ ಮಾತು ಭಟ್ಕಳ, ಹೊನ್ನಾವರ, ಕುಮಟಾಗಳಲ್ಲಿ ಬೇರೆ ಊರುಗಳಲ್ಲಿ ಇರದ ಅರ್ಥ ಪಡೆಯುತ್ತದೆ. ಹೊನ್ನಾವರದಲ್ಲಿ ಸಮುದ್ರ ಸೇರುವ ಶರಾವತಿಯೇ ಕರ್ನಾಟಕದ ಅತಿ ದೊಡ್ಡ ಜಲವಿದ್ಯುತ್ ಹೊಳೆ. ಲಿಂಗನಮಕ್ಕಿಯಲ್ಲಿ 151 ಟಿಎಂಸಿ ನೀರು ನಿಲ್ಲುತ್ತದೆ. ಅದು ತಳಕಳಲೆ ಜಲಾಶಯಕ್ಕೆ ಬಂದು, ಅಲ್ಲಿಂದ ಕೊಳವೆಗಳಲ್ಲಿ ಸುಮಾರು 450 ಮೀಟರ್ ಕೆಳಕ್ಕೆ ಧುಮುಕಿ ಶರಾವತಿ ವಿದ್ಯುದಾಗಾರದ ಹತ್ತು ಯಂತ್ರಗಳನ್ನು ತಿರುಗಿಸುತ್ತದೆ. ಒಂದೊಂದೂ 103.5 ಮೆಗಾವಾಟ್, ಒಟ್ಟು 1,035. ಆ ನೀರೇ ಮುಂದೆ ಹೊನ್ನಾವರ ತಾಲ್ಲೂಕಿನ ಗೇರುಸೊಪ್ಪೆಯಲ್ಲಿ ನಿಂತು ಮತ್ತೆ 240 ಮೆಗಾವಾಟಿನಷ್ಟು ದುಡಿದು ಹೊಳೆಗೆ ಇಳಿಯುತ್ತದೆ.

ಹೈಸ್ಕೂಲಿನ ಭೌತಶಾಸ್ತ್ರ ಇಲ್ಲಿ ಒಂದು ಸೊಗಸಾದ ಲೆಕ್ಕ ಕೊಡುತ್ತದೆ. ಸಾವಿರ ಲೀಟರ್ ನೀರು 450 ಮೀಟರ್ ಬಿದ್ದರೆ ಹೊರಬರುವ ಶಕ್ತಿ 1.2 ಯೂನಿಟ್ಟಿಗಿಂತ ತುಸು ಹೆಚ್ಚು. ಯಂತ್ರದಲ್ಲಿ, ತಂತಿಯಲ್ಲಿ ಸೋರುವ ಪಾಲು ಕಳೆದರೆ ಮನೆಯ ಮೀಟರಿಗೆ ತಲುಪುವುದು ಹೆಚ್ಚುಕಡಿಮೆ ಒಂದು ಯೂನಿಟ್. ಅಂದರೆ ಮಹಡಿಯ ಮೇಲಿನ ಕಪ್ಪು ಟ್ಯಾಂಕಿನಷ್ಟು ನೀರು ಘಟ್ಟ ಇಳಿದರೆ ಒಂದು ಯೂನಿಟ್. ಈ ಲೆಕ್ಕ ಕೈಗೆ ಸಿಕ್ಕಿದ ಮೇಲೆ ಕರೆಂಟ್ ಬಿಲ್ಲನ್ನು ಲೀಟರಿನಲ್ಲಿ ಓದಬಹುದು. 9 ವಾಟಿನ ಎಲ್ಇಡಿ ಬಲ್ಬು ಒಂದು ಗಂಟೆ ಉರಿದರೆ 9 ಲೀಟರ್, ಒಂದು ಸಣ್ಣ ಕೊಡ. ಹಳೆಯ 60 ವಾಟಿನ ಬಲ್ಬಾದರೆ 60 ಲೀಟರ್. ಒಂದೂವರೆ ಕಿಲೋವಾಟ್ ಎಳೆಯುವ ಎ.ಸಿ. ಒಂದು ಗಂಟೆಗೆ ಒಂದೂವರೆ ಸಾವಿರ ಲೀಟರ್ ಕುಡಿಯುತ್ತದೆ. ಇನ್ನೂ ತಮಾಷೆಯದು ಗೀಸರಿನದು: ಸ್ನಾನಕ್ಕೆ ಒಂದು ಬಕೆಟ್, ಅಂದರೆ 20 ಲೀಟರ್ ನೀರು ಕಾಯಿಸಲು ಸುಮಾರು 400 ಲೀಟರ್ ನೀರು ಘಟ್ಟದಿಂದ ಬೀಳಬೇಕು. ಬಚ್ಚಲ ಒಲೆಗೆ ತೆಂಗಿನ ಸೋಗೆ, ಅಡಿಕೆ ಸಿಪ್ಪೆ ಒಟ್ಟಿ ಹಂಡೆ ಕಾಯಿಸುತ್ತಿದ್ದ ಮನೆಗಳು ಹೊಳೆಯ ಲೆಕ್ಕದಲ್ಲಿ ತೀರಾ ಮಿತವ್ಯಯಿಗಳಾಗಿದ್ದವು. ಹೊಗೆ ಕುಡಿಯುತ್ತಿದ್ದವರು ಮನೆಯ ಹೆಂಗಸರು ಎಂಬುದನ್ನೂ ಅದೇ ಲೆಕ್ಕಕ್ಕೆ ಸೇರಿಸಬೇಕು.

ಈಗ ಮೂರೂ ತಾಲ್ಲೂಕು ಸೇರಿ ಒಂದು ಗಂಟೆ ದೀಪ ಆರಿಸಿದರೆ? 2011ರ ಜನಗಣತಿಯಂತೆ ಇಲ್ಲಿನ ಜನಸಂಖ್ಯೆ 4.8 ಲಕ್ಷದ ಆಸುಪಾಸು. ಲೆಕ್ಕಕ್ಕೆ ಒಂದು ಲಕ್ಷ ಮನೆ, ಮನೆಗೆ ಮೂರು ಎಲ್ಇಡಿ ಎಂದು ಹಿಡಿಯೋಣ. ಉಳಿಯುವುದು 2.7 ಮೆಗಾವಾಟ್. ಶರಾವತಿಯ ಹತ್ತು ಯಂತ್ರಗಳಲ್ಲಿ ಒಂದರ ಸುಮಾರು ನಲವತ್ತನೇ ಒಂದು ಪಾಲು! ಮಾರ್ಚ್ ಕೊನೆಯಲ್ಲಿ ವರ್ಷಕ್ಕೊಮ್ಮೆ ಬರುವ ಅರ್ತ್ ಅವರ್ ಬಗ್ಗೆ ಎಂಜಿನಿಯರುಗಳು ಮುಗುಳ್ನಗುವುದು ಇದಕ್ಕೇ. ವರ್ಷದ 8,760 ಗಂಟೆಗಳಲ್ಲಿ ಒಂದು ಗಂಟೆ, ಅದೂ ಮನೆಯಲ್ಲಿ ಅತಿ ಕಡಿಮೆ ಉಣ್ಣುವ ವಸ್ತುವಿಗೆ ಉಪವಾಸ.

ದೀಪ ಹೀಗೆ ಅಲ್ಪಾಹಾರಿಯಾದದ್ದೇ ಒಂದು ಸಾಮೂಹಿಕ ಕೆಲಸದಿಂದ. 2015ರಲ್ಲಿ ಕೇಂದ್ರದ ಉಜಾಲಾ ಯೋಜನೆ ಬಂತು. ಕರ್ನಾಟಕದಲ್ಲಿ ಅದಕ್ಕೆ ಹೊಸ ಬೆಳಕು ಎಂದು ಹೆಸರು. ದೇಶದಲ್ಲಿ 36 ಕೋಟಿಗೂ ಹೆಚ್ಚು ಎಲ್ಇಡಿ ಬಲ್ಬುಗಳು ಹಂಚಿಹೋದವು. ನಮ್ಮ ಲಕ್ಷ ಮನೆಗಳಲ್ಲಿ ನಾಲ್ಕು ನಾಲ್ಕು ಬಲ್ಬು 60 ವಾಟಿನಿಂದ 9ಕ್ಕೆ ಇಳಿದರೆ 20 ಮೆಗಾವಾಟ್ ತಗ್ಗುತ್ತದೆ. ಒಂದು ರಾತ್ರಿಗಲ್ಲ, ಬಲ್ಬುಗಳೆಲ್ಲ ಉರಿಯುವ ಪ್ರತಿ ಸಂಜೆ. ಮೆರವಣಿಗೆ, ಫೋಟೋ, ಭಾಷಣ ಯಾವುದೂ ಇಲ್ಲದೆ ನಡೆದ ಕಾರಣ ಅದನ್ನು ಚಳವಳಿ ಎಂದು ಯಾರೂ ಕರೆಯಲಿಲ್ಲ. ಮುಂದಿನ ಸರದಿ ಫ್ಯಾನಿನದು. 75 ವಾಟಿನ ಹಳೆಯ ಫ್ಯಾನಿನ ಜಾಗಕ್ಕೆ 30 ವಾಟಿನ ಬಿಎಲ್‌ಡಿಸಿ ಫ್ಯಾನು ಬಂದರೆ, ಮನೆಗೆ ಎರಡರಂತೆ 9 ಮೆಗಾವಾಟ್. ಸೆಕೆ ಕಾಲದಲ್ಲಿ ಫ್ಯಾನು ಹಗಲಿರುಳು ತಿರುಗುವ ಕರಾವಳಿಯಲ್ಲಿ ಇದು ಚಿಕ್ಕ ಮೊತ್ತವಲ್ಲ.

ಇಷ್ಟಾದರೂ ಉಳಿತಾಯದ ಬೆಲೆಯನ್ನು ಯೂನಿಟ್ ಒಂದೇ ನಿರ್ಧರಿಸುವುದಿಲ್ಲ. ಯಾವ ಗಂಟೆಯ ಯೂನಿಟ್ ಎಂಬುದು ದೊಡ್ಡ ಪ್ರಶ್ನೆ, ನಮ್ಮ ಉಳಿತಾಯದ ಮಾತುಗಳು ಎಡವುವುದೂ ಇಲ್ಲೇ. ಪಾವಗಡದ ಸೋಲಾರ್ ಪಾರ್ಕ್ ಒಂದೇ 2,050 ಮೆಗಾವಾಟಿನದು. 2024ರ ಮಾರ್ಚ್‌ನಲ್ಲಿ ರಾಜ್ಯದ ಬೇಡಿಕೆ 17 ಸಾವಿರ ಮೆಗಾವಾಟ್ ದಾಟಿದಾಗಲೂ ಹಗಲಿನ ದೊಡ್ಡ ಹೊರೆಯನ್ನು ಸೂರ್ಯ ಹೊತ್ತಿದ್ದ. ಸಂಜೆ ಆರೂವರೆಗೆ ಆತ ಕಡಲಿಗಿಳಿಯುತ್ತಾನೆ, ಮನೆಮನೆಯ ಸ್ವಿಚ್ಚುಗಳು ಒಟ್ಟಿಗೆ ಏಳುತ್ತವೆ. ಅಲ್ಲಿಂದ ಮುಂದಿನ ಮೂರು ಗಂಟೆಯ ಕೊರತೆ ತುಂಬಲು ಕರೆ ಹೋಗುವುದು ಬೇಗ ಏಳಬಲ್ಲ ಜಲವಿದ್ಯುತ್ತಿಗೆ. ಮಧ್ಯಾಹ್ನ ಉಳಿಸಿದ ಯೂನಿಟ್ಟು ಎಲ್ಲೋ ಒಂದಿಷ್ಟು ಕಲ್ಲಿದ್ದಲನ್ನು, ಕೆಲವೊಮ್ಮೆ ಬೇಡದ ಬಿಸಿಲನ್ನು ಉಳಿಸುತ್ತದೆ. ಸಂಜೆ ಏಳಕ್ಕೆ ಉಳಿಸಿದ್ದು ಬಹುಪಾಲು ಯಾವುದೋ ಅಣೆಕಟ್ಟಿನಲ್ಲಿ ನೀರಾಗಿ ನಿಲ್ಲುತ್ತದೆ. ಋತುವೂ ಮುಖ್ಯ. ಆಗಸ್ಟ್‌ನಲ್ಲಿ ಲಿಂಗನಮಕ್ಕಿ ತುಂಬಿ ಗೇಟು ತೆರೆದಿರುವಾಗ ಎಷ್ಟು ದೀಪ ಆರಿಸಿದರೂ ಒಂದು ಕೊಡ ನೀರೂ ಉಳಿಯದು. ಏಪ್ರಿಲ್‌ನಲ್ಲಿ ಪ್ರತಿ ಕೊಡಕ್ಕೂ ಬೆಲೆ. 2023ರ ಮುಂಗಾರು ಕೈಕೊಟ್ಟ ವರ್ಷ ಅಕ್ಟೋಬರಿನಲ್ಲೇ ಲೋಡ್‌ಶೆಡ್ಡಿಂಗ್ ಕಂಡವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಶರಾವತಿ ಪಂಪ್ಡ್ ಸ್ಟೋರೇಜ್ ಯೋಜನೆಯ ಬೇರು ಇರುವುದೂ ಇದೇ ಸಂಜೆಯ ಕೊರತೆಯಲ್ಲಿ. ಹಗಲಿನ ಹೆಚ್ಚುವರಿ ವಿದ್ಯುತ್ತಿನಿಂದ ಗೇರುಸೊಪ್ಪೆಯ ನೀರನ್ನು ತಳಕಳಲೆಗೆ ಎತ್ತುವುದು, ಸಂಜೆ ಮತ್ತೆ ಬಿಟ್ಟು 2,000 ಮೆಗಾವಾಟ್ ಪಡೆಯುವುದು ಅದರ ಲೆಕ್ಕಾಚಾರ. ಎತ್ತಲು ಸುರಿದ ವಿದ್ಯುತ್ತಿನಲ್ಲಿ ಸುಮಾರು ಐದನೇ ಒಂದು ಪಾಲು ಮರಳುವುದಿಲ್ಲ. ಸುರಂಗಗಳು ಹಾಯಬೇಕಾದದ್ದು ಸಿಂಗಳೀಕಗಳ ಅಭಯಾರಣ್ಯವನ್ನು. 2025ರ ಸೆಪ್ಟೆಂಬರಿನಲ್ಲಿ ಗೇರುಸೊಪ್ಪೆಯಲ್ಲಿ ನಡೆದ ಅಹವಾಲು ಸಭೆಯಲ್ಲಿ ವಿರೋಧದ ದನಿಯೇ ಜೋರಾಗಿತ್ತು. ವಿರೋಧಿಸುವವರ ಜೊತೆ ನಾನೂ ಇದ್ದೇನೆ. ಆದರೆ ಸಂಜೆಯ ಬೇಡಿಕೆಯನ್ನು ಯಾರು, ಹೇಗೆ ತಗ್ಗಿಸುತ್ತಾರೆ ಎಂಬ ಪ್ರಶ್ನೆ ನಮ್ಮ ಅಂಗಳದಲ್ಲೇ ಬಿದ್ದಿದೆ, ಅದಕ್ಕೆ ಲೆಕ್ಕದ ಉತ್ತರ ಬೇಕು.

ಉತ್ತರದ ದೊಡ್ಡ ತುಂಡು ಬಂದರುಗಳ ಹತ್ತಿರ ಸಿಗಬಹುದು. ತೆಂಗಿನಗುಂಡಿ, ಕಾಸರಕೋಡು, ತದಡಿ ಕಡೆಯ ಮೀನುಗಾರಿಕೆ ಮಂಜುಗಡ್ಡೆ ಇಲ್ಲದೆ ನಡೆಯದು. ಒಂದು ಟನ್ ಐಸ್ ಮಾಡಲು ಸುಮಾರು 50ರಿಂದ 60 ಯೂನಿಟ್ ಬೇಕು. ನಮ್ಮ ಲೆಕ್ಕದಲ್ಲಿ 50–60 ಸಾವಿರ ಲೀಟರ್ ನೀರು. ಐಸ್‌ಪ್ಲಾಂಟಿನ ಉಪ್ಪುನೀರಿನ ತೊಟ್ಟಿಯಲ್ಲಿ ಅಚ್ಚುಗಳು ಗಂಟೆಗಟ್ಟಲೆ ನಿಧಾನವಾಗಿ ಹೆಪ್ಪುಗಟ್ಟುತ್ತವೆ. ತೊಟ್ಟಿ ಒಮ್ಮೆ ತಣಿದರೆ ಆ ತಂಪನ್ನು ತಾನೇ ಹಿಡಿದಿಟ್ಟುಕೊಳ್ಳುತ್ತದೆ. ಹಾಗಾಗಿ ಕಂಪ್ರೆಸರನ್ನು ಬಿಸಿಲ ಹೊತ್ತಿನಲ್ಲಿ ಜೋರಾಗಿ ಓಡಿಸಿ, ಸಂಜೆ ಎರಡು ಗಂಟೆ ನಿಲ್ಲಿಸಿದರೆ ಐಸು ನಷ್ಟವಾಗಬೇಕಿಲ್ಲ. ಬ್ಯಾಟರಿ ಎಂದು ಹೆಸರಿಟ್ಟುಕೊಳ್ಳದ ಬ್ಯಾಟರಿ ಇದು. ಬಿಸಿಲ ಹೊತ್ತಿನ ದರ ಮಾಮೂಲಿಗಿಂತ ಕನಿಷ್ಠ 20% ಕಡಿಮೆ ಇರಬೇಕು, ಬೇಡಿಕೆ ಏರುವ ಹೊತ್ತಿನದು ಹೆಚ್ಚಿರಬೇಕು ಎಂದು ಕೇಂದ್ರ ಸರ್ಕಾರ 2023ರಲ್ಲಿ ನಿಯಮ ತಂದದ್ದು ಇಂಥ ಬದಲಾವಣೆಗೆಂದೇ. ಮನೆಗಳಿಗೆ ಮಾತ್ರ ಗಡಿಯಾರದ ಸುಳಿವು ಬಿಲ್ಲಿನಲ್ಲಿ ಸಿಗುವುದಿಲ್ಲ. ಗೃಹಜ್ಯೋತಿಯ ಸೊನ್ನೆ ಬಿಲ್ಲಿಗೆ ಮಧ್ಯಾಹ್ನ ಎರಡೂ ಒಂದೇ, ಸಂಜೆ ಏಳೂ ಒಂದೇ.

ಎ.ಸಿ.ಯ ಕತೆ ಕರಾವಳಿಯಲ್ಲಿ ಬೇರೆ. ಬಯಲುಸೀಮೆಯಲ್ಲಿ ಅದು ಗಾಳಿಯನ್ನು ತಣಿಸಿದರೆ ಸಾಕು. ಭಟ್ಕಳದ ಮೇ ತಿಂಗಳಲ್ಲಿ ಗಾಳಿಯ ತೇವವನ್ನೂ ಹಿಂಡಬೇಕು. ಹೊರಗಿನ ಪೈಪಿನಿಂದ ಹನಿಕ್ಕಿ ಬಕೆಟ್ ತುಂಬುತ್ತದಲ್ಲ, ಅದರ ಒಂದೊಂದು ಲೀಟರಿಗೆ ಸುಮಾರು 0.2 ಯೂನಿಟ್ ಖರ್ಚು. ಒಂದು ಲೀಟರ್ ತೇವ ಹಿಂಡಲು 200 ಲೀಟರ್ ಶರಾವತಿ! ಕಿಟಕಿ ಸಂದು ಬಿಟ್ಟ ಕೋಣೆಯಲ್ಲಿ ಎ.ಸಿ. ಇಡೀ ಊರಿನ ತೇವ ಹಿಂಡಲು ಹೊರಡುತ್ತದೆ. ಸಂದು ಮುಚ್ಚಿ, 24ರ ಬದಲು 26ಕ್ಕಿಟ್ಟು ಮೇಲೆ ಫ್ಯಾನು ಹಾಕಿದರೆ ಸೆಕೆ ಅಷ್ಟೇನೂ ತಿಳಿಯದು. ಒಂದೊಂದು ಡಿಗ್ರಿಗೂ ಸುಮಾರು 6% ಉಳಿತಾಯ.

ನೀರು ಉಳಿದರೆ ಹೊಳೆಗೇನು ಲಾಭ ಎಂದು ಕೇಳುವವರು ಶರಾವತಿ ಮತ್ತು ಅಘನಾಶಿನಿಯ ಅಳಿವೆಗಳನ್ನು ಅಕ್ಕಪಕ್ಕ ಇಟ್ಟು ನೋಡಬೇಕು. ಭಾರತೀಯ ವಿಜ್ಞಾನ ಸಂಸ್ಥೆಯ ಪರಿಸರ ವಿಜ್ಞಾನ ಕೇಂದ್ರಕ್ಕೆ ಕುಮಟಾದಲ್ಲಿ ಒಂದು ನೆಲೆಯಿದೆ, ಟಿ.ವಿ. ರಾಮಚಂದ್ರ, ಎಂ.ಡಿ. ಸುಭಾಷ್ ಚಂದ್ರನ್, ಪ್ರಕಾಶ ಮೇಸ್ತ ಮೊದಲಾದವರು ಈ ಎರಡೂ ಅಳಿವೆಗಳನ್ನು ಅಧ್ಯಯನ ಮಾಡಿದ್ದಾರೆ. ಅಣೆಕಟ್ಟಿಲ್ಲದ ಅಘನಾಶಿನಿಯಲ್ಲಿ ಮಳೆಗಾಲ ಕಳೆದ ಮೇಲೆ ಉಪ್ಪು ಏರುತ್ತದೆ, ಬಳಚು, ಕಲ್ವಗಳು ಹುಲುಸಾಗುತ್ತವೆ, ಸಾವಿರಾರು ಮನೆಗಳ ಹೊಟ್ಟೆ ತುಂಬುತ್ತದೆ. ಶರಾವತಿಯ ಅಳಿವೆಗೆ ವಿದ್ಯುದಾಗಾರಗಳಿಂದ ಬೇಸಿಗೆಯಲ್ಲೂ ಸಿಹಿನೀರು ಬರುತ್ತಲೇ ಇರುತ್ತದೆ. ಉಪ್ಪು ಏರದೆ ಅಲ್ಲಿ ಚಿಪ್ಪಿನ ಜೀವಿಗಳು ಸೊರಗಿದವು. ರಾಜ್ಯದ ಸಂಜೆಯ ಬೆಳಕಿಗೆ ಹೊನ್ನಾವರದ ಚಿಪ್ಪಿ ಆಯುವವರು ತೆತ್ತ ಬೆಲೆ ಇದು, ಯಾವ ಬಿಲ್ಲಿನಲ್ಲೂ ಮುದ್ರಣವಾಗಿಲ್ಲ. ಅಘನಾಶಿನಿ ದಡದ ತದಡಿಯಲ್ಲಿ 4,000 ಮೆಗಾವಾಟಿನ ಕಲ್ಲಿದ್ದಲು ಸ್ಥಾವರ ಬೇಡವೆಂದು ಜನ ಹಟ ಹಿಡಿಯದಿದ್ದರೆ ಅಘನಾಶಿನಿ ಅಳಿವೆ 2024ರಲ್ಲಿ ಅಂತರರಾಷ್ಟ್ರೀಯ ಮಹತ್ವದ ಜೌಗುಪ್ರದೇಶಗಳ ರಾಮ್ಸಾರ್ ಪಟ್ಟಿ ಸೇರುತ್ತಿತ್ತೇ, ಅನುಮಾನ.

ಇಲ್ಲಿನ ಊರೊಂದು ಸಂಜೆಯ ಉಳಿತಾಯವನ್ನು ನಿಜಕ್ಕೂ ಪರೀಕ್ಷಿಸಬೇಕೆಂದರೆ ಜನವರಿಯಿಂದ ಮೇ ಒಳಗಿನ ಒಂದು ವಾರ ಆರಿಸಿಕೊಳ್ಳಲಿ. ಸಂಜೆ ಆರೂವರೆಯಿಂದ ಒಂಬತ್ತೂವರೆವರೆಗೆ ಗೀಸರು, ನೀರೆತ್ತುವ ಪಂಪು, ಇಸ್ತ್ರಿಪೆಟ್ಟಿಗೆ, ವಾಷಿಂಗ್ ಮೆಷಿನ್ ಬೇಡ, ಎ.ಸಿ. 26ರಲ್ಲಿ, ಐಸ್‌ಪ್ಲಾಂಟಿಗೆ ಎರಡು ಗಂಟೆ ಬಿಡುವು. ಓದುವ ಮಕ್ಕಳ ದೀಪ ಉರಿಯಲಿ, ಅದನ್ನು ಆರಿಸಿದರೆ ಉಳಿಯುವುದು ಗಂಟೆಗೆ ಒಂದು ಸಣ್ಣ ಕೊಡ ಅಷ್ಟೇ. ಫಲ ತಿಳಿಯಲು ಊಹೆ ಬೇಡ. ಸಬ್‌ಸ್ಟೇಷನ್ನಿನಲ್ಲಿ ಪ್ರತಿ 11 ಕೆವಿ ಫೀಡರಿನ ಹೊರೆಯನ್ನು ಗಂಟೆಗಂಟೆಗೂ ದಾಖಲಿಸುತ್ತಾರೆ. ಹಿಂದಿನ ವಾರದ ಅದೇ ದಿನದ, ಅದೇ ಗಂಟೆಯ ಅಂಕಿಯ ಪಕ್ಕ ಇಟ್ಟು ನೋಡಿದರಾಯಿತು. ಎರಡೂ ದಿನಗಳ ಸೆಕೆ ಹೆಚ್ಚುಕಡಿಮೆ ಒಂದೇ ಇರಬೇಕು, ನಡುವೆ ಕರೆಂಟ್ ಹೋಗಿರಬಾರದು.