ತಂತಿಯ ಉದ್ದ ಮತ್ತು ತಾಣದ ಗುಣ: ಹವ್ಯಾಸಿ ರೇಡಿಯೊದ ಒಂದು ಅಳತೆ ಪದ್ಧತಿ

ಗೇಣು, ಮೊಳ, ಮಾರು ಮೊದಲಾದ ಜನಪದ ಅಳತೆಗಳಿಗೆ ಅಳೆಯುವವನ ದೇಹವೇ ಮಾನದಂಡ. ಒಬ್ಬನ ಮೊಳ ಇನ್ನೊಬ್ಬನ ಮೊಳಕ್ಕೆ ಸಮನಾಗದು. ಮೀಟರ್ ಪದ್ಧತಿಯು ಈ ವ್ಯತ್ಯಾಸವನ್ನು ನಿವಾರಿಸಿತೆಂಬುದು ಸಾಮಾನ್ಯ ತಿಳಿವಳಿಕೆ. ಆದರೆ ಹವ್ಯಾಸಿ ರೇಡಿಯೊ ನಿರ್ವಾಹಕರು, ಅಂದರೆ ‘ಹ್ಯಾಮ್’ಗಳು, ಸ್ವತಃ ಕಟ್ಟಿಕೊಳ್ಳುವ ತಂತಿಯ ಆಂಟೆನಾದಲ್ಲಿ ಟೇಪು ತೋರಿಸುವ ಉದ್ದವೇ ಅಂತಿಮವಲ್ಲ. ಮೈಸೂರಿನಲ್ಲಿ ಪ್ರಾಧ್ಯಾಪಕ ಎಂ. ವಿ. ಗೋಪಾಲಸ್ವಾಮಿಯವರು 1935ರಲ್ಲಿ ತಮ್ಮ ಮನೆಯಲ್ಲಿಯೇ ಬಾನುಲಿ ಕೇಂದ್ರವನ್ನು ಆರಂಭಿಸಿದ ನಾಡಿನಲ್ಲಿ ಈ ಕೈಕಸುಬಿನ ಜ್ಞಾನವು ಅಧ್ಯಯನಕ್ಕೆ ಅರ್ಹವಾಗಿದೆ.

ಸಮನಾದ ಎರಡು ತಂತಿಗಳನ್ನು ಒಂದೇ ಸಾಲಿನಲ್ಲಿ ಎಳೆದುಕಟ್ಟಿ, ನಡುವೆ ಕೇಬಲ್ ಜೋಡಿಸಿದರೆ ಅದು ಡೈಪೋಲ್ ಆಂಟೆನಾ. 7.1 ಮೆಗಾಹರ್ಟ್ಸ್ ಕಂಪನಾಂಕದಲ್ಲಿ ತರಂಗದ ಉದ್ದ ಸುಮಾರು 42.2 ಮೀಟರ್; ಅದರ ಅರ್ಧ 21.1 ಮೀಟರ್. ತಂತಿಯ ದಪ್ಪ ಮತ್ತು ತುದಿಗಳ ಪರಿಣಾಮದಿಂದಾಗಿ ಇದಕ್ಕಿಂತ ಸುಮಾರು ಶೇ. 5ರಷ್ಟು ಕಡಿಮೆ ಉದ್ದದಲ್ಲಿಯೇ ಅನುರಣನ ಉಂಟಾಗುತ್ತದೆ. 143ನ್ನು ಮೆಗಾಹರ್ಟ್ಸ್ ಸಂಖ್ಯೆಯಿಂದ ಭಾಗಿಸಬೇಕೆಂಬ ರೂಢಿಯ ಸೂತ್ರವು ಇಲ್ಲಿ 20.1 ಮೀಟರನ್ನು ನೀಡುತ್ತದೆ.

‘ಪರಿಣಾಮಕಾರಿ ಉದ್ದ’ವೆಂಬುದು ಇವೆರಡಕ್ಕಿಂತ ಭಿನ್ನವಾದುದು. ತಂತಿಯಲ್ಲಿನ ವಿದ್ಯುತ್ ಪ್ರವಾಹ ನಡುವೆ ಗರಿಷ್ಠವಾಗಿದ್ದು ತುದಿಗಳಲ್ಲಿ ಶೂನ್ಯವಾಗುವುದರಿಂದ, ಇಡೀ ತಂತಿ ಸಮನಾಗಿ ದುಡಿಯುವುದಿಲ್ಲ. ಆಂಟೆನಾದ ನಡುವೆ ಕೇಬಲ್ ಜೋಡಿಸುವ ಜಾಗದ ತೆರೆದ ಕೊನೆಗಳ ನಡುವಿನ ವೋಲ್ಟೇಜನ್ನು ಅಲ್ಲಿನ ವಿದ್ಯುತ್ ಕ್ಷೇತ್ರದ ತೀವ್ರತೆಯಿಂದ ಭಾಗಿಸಿದಾಗ ದೊರೆಯುವ ಈ ಉದ್ದವು 20 ಮೀಟರ್ ತಂತಿಗೆ ಸುಮಾರು 13 ಮೀಟರ್ ಮಾತ್ರ. ಹ್ಯಾಮ್‌ಗಳು ನಿತ್ಯದಲ್ಲಿ ಹೊಂದಿಸುವುದು ಅನುರಣನದ ಉದ್ದವನ್ನು. ಎರಡನ್ನೂ ಒಂದೆಂದು ಭಾವಿಸಲಾಗದು.

ಈ ಹೊಂದಾಣಿಕೆಯಲ್ಲಿ ತಾಣದ ಪಾತ್ರ ಪ್ರಧಾನವಾದುದು. ದಾವಣಗೆರೆಯ ಕರೂರು ಕೈಗಾರಿಕಾ ಪ್ರದೇಶದಂತಹ ಕಡೆ ತಂತಿ ಕಟ್ಟುವವರು ತಗಡಿನ ಚಾವಣಿ, ಕಬ್ಬಿಣದ ಕಂಬ ಮತ್ತು ನೆಲದಿಂದ ಇರುವ ಎತ್ತರವನ್ನು ಗಣನೆಗೆ ತೆಗೆದುಕೊಳ್ಳಬೇಕಾಗುತ್ತದೆ. ವಿದ್ಯುತ್ ಮಾರ್ಗಗಳಿಂದ ದೂರವಿರುವುದಂತೂ ಜೀವರಕ್ಷಣೆಯ ಮೊದಲ ನಿಯಮ. ಪ್ಲಾಸ್ಟಿಕ್ ಹೊದಿಕೆಯ ತಂತಿಯು ಬರಿಯ ತಂತಿಗಿಂತ ಗಿಡ್ಡವಾಗಿರಬೇಕು. ಆದ್ದರಿಂದ ತಂತಿಯನ್ನು ಮೊದಲು ತುಸು ಉದ್ದವಾಗಿಯೇ ಕತ್ತರಿಸಿ, ನಿಗದಿತ ಎತ್ತರಕ್ಕೇರಿಸಿ, ಸ್ಥಾಯಿ ತರಂಗ ಅನುಪಾತ ಅತ್ಯಂತ ಕಡಿಮೆಯಿರುವ ಕಂಪನಾಂಕವನ್ನು ಮಾಪಕದಿಂದ ಗುರುತಿಸುತ್ತಾರೆ. ಉದಾಹರಣೆಗೆ, 20.60 ಮೀಟರ್ ತಂತಿ 6.92 ಮೆಗಾಹರ್ಟ್ಸ್‌ನಲ್ಲಿ ಅನುರಣಿಸಿದರೆ, 20.60ನ್ನು 6.92ರಿಂದ ಗುಣಿಸಿ 7.10ರಿಂದ ಭಾಗಿಸಲಾಗಿ 20.08 ಮೀಟರ್ ದೊರೆಯುತ್ತದೆ. ಪ್ರತಿ ಬದಿಯಲ್ಲಿ 26 ಸೆಂಟಿಮೀಟರ್ ಕಡಿಮೆ ಮಾಡಬೇಕು. ಅನುಭವಿಗಳು ಒಮ್ಮೆಗೇ ಕತ್ತರಿಸದೆ, ತುದಿಯನ್ನು ಹಿಂದಕ್ಕೆ ಮಡಿಸಿ ತಂತಿಗೇ ಬಿಗಿಯಾಗಿ ಸುತ್ತಿ, ಮತ್ತೆ ಅಳೆದು ನೋಡುತ್ತಾರೆ.

ಸೂತ್ರಗಳು ಕೈಪಿಡಿಗಳಲ್ಲಿ ಉಳಿಯುತ್ತವೆ. ಆದರೆ ಒಂದು ತಾಣದಲ್ಲಿ ಸೂತ್ರದಿಂದ ಎಷ್ಟು, ಏಕೆ ಸರಿಯಬೇಕಾಯಿತೆಂಬ ತಿಳಿವು ಕಟ್ಟಿದವರ ಕೈಯಲ್ಲಿ, ಮಾತಿನಲ್ಲಿ ಮಾತ್ರ ಇರುತ್ತದೆ. ಆದಕಾರಣ ಕ್ಷೇತ್ರಕಾರ್ಯದಲ್ಲಿ ಉದ್ದದ ಜೊತೆಗೆ ಎತ್ತರ, ತಂತಿಯ ಬಗೆ, ಹೊದಿಕೆ, ಸುತ್ತಲಿನ ಲೋಹ ಇವೆಲ್ಲವನ್ನೂ ದಾಖಲಿಸುವುದು ಅಗತ್ಯ. ಅವಿಲ್ಲದ ಅಂಕಿಯು ಯಾರ ಮೊಳವೆಂದು ತಿಳಿಯದ ಮೊಳದ ಲೆಕ್ಕದಷ್ಟೇ ಅಪೂರ್ಣವಾದುದು.